ಹುಬ್ಬಿದ್ದ ಗಿಳಿ

ಚಿತ್ರ ಬರೆಯಲಾರದವನು ನಾಯಿಯ ಬಾಲ ಡೊಂಕು ಅಂದನಂತೆ. ಗಾದೆಯನ್ನು ಹೀಗೆ ಕೆಡಿಸಿದವನು ನಾನೇ. ಆದರೆ ಈಗ ಹೇಳಹೊರಟ ಕತೆಯಲ್ಲಿ ನಾನು ಕೆಡಿಸಿದ್ದು ಏನೂ ಇಲ್ಲ. ನಡೆದದ್ದು ನಡೆದ ಹಾಗೇ ಇದೆ. ಸುಳ್ಳು ಹೇಳುವುದೇ ಆಗಿದ್ದರೆ ಇದರಲ್ಲಿ ನನ್ನನ್ನು ಇಷ್ಟೊಂದು ಪೆದ್ದನನ್ನಾಗಿ ಮಾಡಿಕೊಳ್ಳುತ್ತಿರಲಿಲ್ಲ.

ಆಗ ನಾನು ತಾರಕ್ಕನ ಪ್ರಕಾಶನದಲ್ಲಿ ಮಕ್ಕಳ ಪುಸ್ತಕಗಳಿಗೆ ಮಾತು ಬರೆಯುತ್ತಿದ್ದೆ. ತಾರಕ್ಕ ಮೊದಲು ಶಾಲೆಯಲ್ಲಿ ಟೀಚರಾಗಿದ್ದವರು. ದೊಡ್ಡ ದೊಡ್ಡ ಚಿತ್ರಕಾರರನ್ನು ನಮ್ಮೂರಿನ ಮಕ್ಕಳಿಗೆ ಪರಿಚಯಿಸಬೇಕೆಂಬುದು ಅವರ ಬಹುದಿನದ ಆಸೆ.

"ಹುಟ್ಟಿದ್ದು ಇಂಥ ಇಸವಿ, ಸತ್ತದ್ದು ಇಂಥ ಇಸವಿ ಅಂತ ಶುರು ಮಾಡಿದರೆ ಮಕ್ಕಳು ನಡುವೆ ಇರೋದನ್ನೆಲ್ಲ ಬಿಟ್ಟು ಓಡ್ತಾವೆ," ಅಂದರು. "ಅವರು ಸಾಕಿದ ಪ್ರಾಣಿ ಮಾತಾಡಲಿ. ಮನುಷ್ಯ ಹೇಗಿದ್ದ ಅಂತ ಅವನ ಮನೆ ಬೆಕ್ಕಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರತ್ತೆ?"

ಹಾಗೆ ಹುಟ್ಟಿತು ನಮ್ಮ ಮಾಲೆ. 'ಬಣ್ಣದವರು ಬಾಲದವರು' ಎಂದು ಹೆಸರಿಟ್ಟವನು ನಾನು. "ಬಾಲರಿಗೆ ಬಾಲದವರ ಕತೆ, ನೋಡಿ ತಾರಕ್ಕ. ಒಂದೇ ಪದ, ಎರಡು ಕೆಲಸ," ಅಂದೆ. "ಸಂಬಳ ಮಾತ್ರ ಒಂದೇ," ಅಂದರು ಅವರು.

ಒಟ್ಟು ಆರು ಪುಸ್ತಕ. ಆಸ್ಥಾನದ ಚಿತ್ರಕಾರನ ಗಿಳಿ, ಹಡಗುಗಳನ್ನಷ್ಟೇ ಬರೆಯುತ್ತಿದ್ದವನ ಬೆಕ್ಕು, ದಂತದ ಮೇಲೆ ಉಗುರಿನಷ್ಟು ಚಿತ್ರ ಬಿಡಿಸುತ್ತಿದ್ದವಳ ಮುಂಗುಸಿ, ಆಮೇಲೊಂದು ಆಡು, ಒಂದು ಆಮೆ. ಕೊನೆಯದು ನಾಯಿ.

ಚಿತ್ರ ಬರೆಯುತ್ತಿದ್ದವರು ಹಾಲೇಶಪ್ಪ. ಅಂಗಡಿ ಬೋರ್ಡುಗಳಿಂದ ಶುರುಮಾಡಿ ಪುಸ್ತಕಕ್ಕೆ ಬಂದವರು. 'ಆಯ್ತು', 'ನಾಳೆ ನೋಡೋಣ' ಎಂಬ ಎರಡೇ ಮಾತಿನಲ್ಲಿ ಬದುಕು ಸಾಗಿಸುವ ಮನುಷ್ಯ. ಓದಿ ಚಿತ್ರ ಬರೆಯುವುದು ಅವರಿಗೆ ಆಗಿಬರುತ್ತಿರಲಿಲ್ಲ, ಕೇಳಿ ಬರೆಯಬೇಕು. ಹಾಗಾಗಿ ಪ್ರಾಣಿಯ ಫೋಟೋ ಒಂದನ್ನು ನನ್ನ ತಲೆಯ ಹಿಂದಿನ ಗೋಡೆಗೆ ಅಂಟಿಸಿ, ನನ್ನನ್ನು ಅದರ ಮುಂದೆ ಕೂರಿಸಿ, ತಾವು ಎದುರು ಕೂತು "ಹೂಂ, ಓದಿ ಸಾರ್," ಅನ್ನುತ್ತಿದ್ದರು. ನಾನು ಗಿಳಿಯ ಮಾತನ್ನು ಗಿಳಿಯಾಗಿ, ಆಮೆಯ ಮಾತನ್ನು ಆಮೆಯಾಗಿ ಓದುತ್ತಿದ್ದೆ. ದನಿ ಬದಲಿಸುವುದು ನನಗೆ ಕಾಲೇಜಿನಿಂದ ಬಂದ ಚಟ. ಅಲ್ಲಿ ಕಲಿತು ಉಳಿದದ್ದು ಅದೊಂದೇ. ಬಸ್ಸಿನ ಕಂಡಕ್ಟರ್, ಮೂರನೆಯ ಸೀಟಿ ಹೊಡೆಯುವ ಕುಕ್ಕರ್, ಫೋನಿನಲ್ಲಿ ರೇಗುವ ತಾರಕ್ಕ ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದರು. ಒಮ್ಮೆ ಬಾಗಿಲ ಮರೆಯಿಂದ ತಾರಕ್ಕನಾಗಿ, "ಹಾಲೇಶಪ್ಪ, ಆಮೆಗೆ ಬಾಲ ಉದ್ದವಾಯ್ತು, ಮೊಟಕು ಮಾಡಿ," ಅಂದೆ. ಪಾಪ, ಅಳಿಸಿ ಮೊಟಕು ಮಾಡಿದರು. ನಿಜ ಗೊತ್ತಾದ ಮೇಲೆ ನನ್ನನ್ನು ಒಂದು ಗಳಿಗೆ ನೋಡಿ "ಆಯ್ತು" ಅಂದರು, ಅಷ್ಟೆ.

ನನ್ನ ಹೆಂಡತಿ ವತ್ಸಲಾ ಪಕ್ಕದ ಬೀದಿಯಲ್ಲಿ ಹೊಲಿಗೆ ಕಲಿಸುತ್ತಿದ್ದಳು. ಮಧ್ಯಾಹ್ನ ನನ್ನ ಊಟದ ಡಬ್ಬಿ ತಂದು, ಹಾಲೇಶಪ್ಪನವರ ಬೆನ್ನ ಹಿಂದೆ ಒಂದು ಸ್ಟೂಲು ಎಳೆದುಕೊಂಡು ಕೂರುತ್ತಿದ್ದಳು. ನಾನು ಓದುತ್ತ ಹೋದ ಹಾಗೆ ಅವಳಿಗೆ ನಗು. ಸೆರಗು ಬಾಯಿಗೆ ಒತ್ತಿಕೊಂಡರೂ ತಡೆಯದೆ ಕೆಮ್ಮು ಬರುವಷ್ಟು ನಗು. ನಾನು ಹುರುಪಿನಿಂದ ದನಿಯನ್ನು ಇನ್ನಷ್ಟು ಕೀಚಲು ಮಾಡುತ್ತಿದ್ದೆ.

"ಗಿಳಿ ಹೇಗಿತ್ತು ಇವತ್ತು?" ಎಂದು ಮನೆಗೆ ಹೋಗುವಾಗ ಕೇಳುತ್ತಿದ್ದೆ.

"ಥೇಟ್ ನಿಮ್ಮ ಹಾಗೇ."

"ಹೊಗಳ್ತಿದ್ದೀಯೋ ಬೈತಿದ್ದೀಯೋ?"

"ಗಿಳೀನ್ನ ಕೇಳಿ," ಅನ್ನುತ್ತಿದ್ದಳು.

ಪುಸ್ತಕ ಅಚ್ಚಾಗುವ ಮೊದಲು ಕರಡು ನನ್ನ ಕೈಗೆ ಬರುತ್ತಿತ್ತು. ಬರೆದವನ ಕಣ್ಣಿಗೆ ಕರಡಿನಲ್ಲಿ ಕಾಣುವುದು ತನ್ನ ಅಕ್ಷರ ಮಾತ್ರ. ದೀರ್ಘ ಬಿದ್ದುಹೋಗಿದೆಯೇ, ಒತ್ತು ತಪ್ಪಿದೆಯೇ, ಹೆಸರು ಸರಿಯಾಗಿದೆಯೇ. ಚಿತ್ರದ ಮೇಲೆ ಕಣ್ಣು ಹಾಯಿಸುತ್ತಿದ್ದೆ: ಹಸಿರು ಇದೆ, ಕೊಕ್ಕು ಇದೆ, ಸರಿ. ಇನ್ನು ಶನಿವಾರಗಳಂದು ತಾರಕ್ಕ ಹಜಾರದಲ್ಲಿ ಜಮಖಾನ ಹಾಸಿ ಬೀದಿಯ ಮಕ್ಕಳನ್ನು ಸೇರಿಸುತ್ತಿದ್ದರು. ನಾನು ಪುಸ್ತಕವನ್ನು ಕೆನ್ನೆಯ ಪಕ್ಕ ಹಿಡಿದು, ಚಿತ್ರಗಳನ್ನು ಮಕ್ಕಳ ಕಡೆ ತಿರುಗಿಸಿ, ಬಾಯಿಪಾಠವಿದ್ದ ಮಾತನ್ನು ದನಿ ಬದಲಿಸುತ್ತ ಒಪ್ಪಿಸುತ್ತಿದ್ದೆ. ಮಕ್ಕಳು ಉರುಳಾಡಿ ನಗುತ್ತಿದ್ದರು. ನನ್ನ ಗಂಟಲಿನ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು.

ಐದನೆಯ ಪುಸ್ತಕ ಹೊರಬಂದ ಮೇಲೆ ವತ್ಸಲಾ ಹೋದಳು. ಜ್ವರವೆಂದು ಆಸ್ಪತ್ರೆಗೆ ಸೇರಿಸಿದೆ. ಜ್ವರ ಇಳಿಯಿತು, ಅವಳು ಏಳಲಿಲ್ಲ.

ಆಮೇಲಿನದನ್ನು ಹೇಗೆ ಹೇಳಬೇಕೋ ನನಗೆ ಈಗಲೂ ಗೊತ್ತಿಲ್ಲ. ಹಲ್ಲು ಕೀಳುವ ಮೊದಲು ವಸಡಿಗೆ ಸೂಜಿ ಚುಚ್ಚುತ್ತಾರಲ್ಲ, ಆಗ ಕೆನ್ನೆ ಇದ್ದಲ್ಲೇ ಇರುತ್ತದೆ, ಆದರೆ ನಮ್ಮದಾಗಿರುವುದಿಲ್ಲ. ಹಾಗಿತ್ತು. ಬಂದವರು ಅತ್ತರು. ಒಬ್ಬೊಬ್ಬರ ಅಳು ಒಂದೊಂದು ಥರ. ಅತ್ತಿಗೆಯದು ಬಿಕ್ಕಳಿಕೆಯಿಂದ ಶುರುವಾಗುತ್ತಿತ್ತು, ಸೋದರಮಾವನದು ಮೂಗಿನಲ್ಲೇ ಮುಗಿಯುತ್ತಿತ್ತು. ಬೇರೆ ದಿನವಾಗಿದ್ದರೆ ಎಲ್ಲವನ್ನೂ ಮನಸ್ಸಿನಲ್ಲಿ ಮಡಚಿಟ್ಟುಕೊಂಡು ಮನೆಗೆ ಬಂದು ಅವಳಿಗೆ ಮಾಡಿ ತೋರಿಸುತ್ತಿದ್ದೆ. ತೋರಿಸಲು ಯಾರೂ ಇಲ್ಲ ಎಂದು ಹೊಳೆಯಿತು. ಹೊಳೆದಾಗಲೂ ಏನೂ ಆಗಲಿಲ್ಲ. ಡಬ್ಬಿಯಲ್ಲಿ ಸಕ್ಕರೆ ಮುಗಿದಿದೆ ಅಂದುಕೊಂಡ ಹಾಗೆ ಅಂದುಕೊಂಡೆ. ಪಕ್ಕದ ಮನೆಯವರು "ಊಟ ಆಯ್ತಾ?" ಎಂದು ಕೇಳಿದರೆ ತಟ್ಟೆ ತೊಳೆದಿದೆಯೋ ಇಲ್ಲವೋ ನೋಡಿ ಉತ್ತರ ಹೇಳುತ್ತಿದ್ದೆ. ಕನ್ನಡಿಯ ಮುಂದೆ ನಿಂತು ಹಲ್ಲುಜ್ಜುವಾಗ ಕನ್ನಡಿ ನೋಡುತ್ತಿರಲಿಲ್ಲ.

ಕೆಲಸಕ್ಕೆ ಮರಳಿದೆ. ನಾಯಿಯ ಪುಸ್ತಕಕ್ಕೆ ಮಾತು ಮೊದಲೇ ಬರೆದಾಗಿತ್ತು. ಹಾಲೇಶಪ್ಪ ಎಂದಿನಂತೆ ನಾಯಿಯ ಫೋಟೋವನ್ನು ನನ್ನ ತಲೆಯ ಹಿಂದೆ ಅಂಟಿಸಿ ಎದುರು ಕೂತರು. ನಾನು ಓದಿದೆ. ದನಿ ಎತ್ತಲು ಹೋದರೆ ಏಳಲಿಲ್ಲ. ರೇಷನ್ ಅಂಗಡಿಯಲ್ಲಿ ಹೆಸರು ಕೂಗುವವನ ಹಾಗೆ ಓದಿ ಮುಗಿಸಿದೆ. ಅವರ ಪೆನ್ಸಿಲು ಹಾಳೆಯ ಮೇಲೆಯೇ ಇತ್ತು, ಒಂದು ಗೆರೆಯೂ ಬಿದ್ದಿರಲಿಲ್ಲ.

"ನಾಳೆ ನೋಡೋಣ," ಅಂದರು.

ಮರುದಿನವೂ ಅದೇ. ಅದರ ಮರುದಿನವೂ ಅದೇ. ಕೊನೆಗೆ ಪೆನ್ಸಿಲು ಕೆಳಗಿಟ್ಟು, "ಮುಖ ಸಿಗ್ತಿಲ್ಲ ಸಾರ್," ಅಂದರು.

"ನಾಯಿ ಗೋಡೆ ಮೇಲೇ ಇದೆಯಲ್ಲ ಹಾಲೇಶಪ್ಪ."

ಅವರು ಗೋಡೆ ನೋಡಲಿಲ್ಲ. ನನ್ನನ್ನೇ ನೋಡಿದರು. ತಪ್ಪು ನನ್ನ ಓದಿನದು ಎಂದು ಹೇಳಲು ಸಂಕೋಚಪಡುತ್ತಿದ್ದಾರೆ ಎಂದುಕೊಂಡೆ.

ಸಂಜೆ ತಾರಕ್ಕನ ಮುಂದೆ ಹೋಗಿ ನಿಂತೆ. "ನನ್ನಿಂದ ಆಗಲ್ಲ ತಾರಕ್ಕ. ಬೇರೆ ಯಾರ ಹತ್ತಿರವಾದರೂ ಓದಿಸಿ. ಬರೆಯೋದಕ್ಕೂ ಯಾರನ್ನಾದರೂ ನೋಡಿಕೊಳ್ಳಿ. ಮೂರನೇ ಬೀದಿ ಗೋದಾಮಿನಲ್ಲಿ ಲೆಕ್ಕ ಬರೆಯೋ ಕೆಲಸ ಇದೆಯಂತೆ, ಅಲ್ಲಿಗೆ ಸೇರ್ತೀನಿ. ಅಲ್ಲಿ ಯಾರೂ ಮಾತಾಡೋ ಹಾಗಿಲ್ಲ."

ತಾರಕ್ಕ ಬಹಳ ಹೊತ್ತು ಕನ್ನಡಕ ಒರೆಸಿದರು. "ಐದು ಪುಸ್ತಕ ಆಗಿ ಆರನೆಯದು ನಿಂತರೆ ಮಾಲೆ ನಿಂತ ಹಾಗೆ. ಅದಿರಲಿ, ಅದು ನನ್ನ ಪಾಡು. ನೀನು ಬಾಯಿ ಮುಚ್ಚಿಕೊಂಡು ಗೋದಾಮಿನಲ್ಲಿ ಕೂತರೆ ಇನ್ನು ತೆರೆಯಲ್ಲ ಮಾರಾಯ, ನನಗೆ ಗೊತ್ತು. ನಮ್ಮಪ್ಪ ಹಾಗೇ ಮಾಡಿದವರು." ಕನ್ನಡಕ ಹಾಕಿಕೊಂಡರು. "ಈ ಶನಿವಾರ ಒಂದು ಸಲ ಮಕ್ಕಳಿಗೆ ಓದು. ಹಳೇದೇ ಆಗಲಿ. ಆಮೇಲೂ ಹೋಗಬೇಕು ಅನ್ನಿಸಿದರೆ ಹೋಗು, ತಡೆಯಲ್ಲ."

ಒಪ್ಪಿಕೊಂಡೆ. ಒಪ್ಪದಿರಲು ಬೇಕಾದ ಹಟವೂ ನನ್ನಲ್ಲಿರಲಿಲ್ಲ.

ಶನಿವಾರ ಮಕ್ಕಳು ಬಂದರು. ಮನೆಯಲ್ಲಿ ಏನೋ ಹೇಳಿ ಕಳಿಸಿದ್ದರೆಂದು ಕಾಣುತ್ತದೆ, ಗಲಾಟೆಯಿಲ್ಲದೆ ಕೂತರು. ತಾರಕ್ಕ ಬಾಗಿಲಲ್ಲಿ ನಿಂತಿದ್ದರು, ಹಾಲೇಶಪ್ಪ ಹಿಂದಿನ ಬೆಂಚಿನಲ್ಲಿದ್ದರು. ಗಿಳಿಯ ಪುಸ್ತಕವನ್ನು ಕೆನ್ನೆಯ ಪಕ್ಕ ಹಿಡಿದು ಓದತೊಡಗಿದೆ. "ನಮ್ಮ ಯಜಮಾನ ರಾಜನ ಮೂಗನ್ನು ನೆಟ್ಟಗೆ ಬರೆದ. ನಾನು 'ಸುಳ್ಳು, ಸುಳ್ಳು' ಎಂದು ಕೂಗಿದೆ." ಮೊದಲೆಲ್ಲ ಈ ಜಾಗದಲ್ಲಿ ನಗುವಿಗೆ ಹಜಾರವೇ ಹಾರಿಹೋಗುತ್ತಿತ್ತು. ಈಗ ಒಬ್ಬ ಹುಡುಗ ಆಕಳಿಸಿದ. ನನ್ನ ದನಿ ಮುಂದೆ ಹೋಗುತ್ತಿತ್ತು, ನಾನು ಹಿಂದೆ ಎಲ್ಲೋ ಇದ್ದೆ. ಗೋದಾಮು ಎಷ್ಟು ಹೊತ್ತಿಗೆ ತೆರೆಯುತ್ತದೆಂದು ಯೋಚಿಸುತ್ತಿದ್ದೆ.

ಮುಂದಿನ ಸಾಲಿನಲ್ಲಿ ಮುಬೀನಾ ಇದ್ದಳು. ಯಾವುದನ್ನೂ ಸುಲಭಕ್ಕೆ ಒಪ್ಪದ ಹುಡುಗಿ. ಅವಳು ಕೈ ಎತ್ತಿದಳು.

"ಮಾಮ, ಗಿಳಿಗೆ ಹುಬ್ಬು ಇರತ್ತಾ?"

"ಇರಲ್ಲ," ಅಂದು ಮುಂದೆ ಓದಿದೆ.

"ಇದಕ್ಕಿದೆ."

"ಅದು ಗರಿ ಇರಬೇಕು."

"ಗರಿ ಅಲ್ಲ, ಹುಬ್ಬು. ನಡುವೆ ಕಟ್ಟಾಗಿದೆ." ಪುಸ್ತಕ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಪುಸ್ತಕ ನೋಡಿದಳು. "ನಿಮ್ಮದರ ಹಾಗೇ."

ನನ್ನ ಎಡಹುಬ್ಬು ನಡುವೆ ಕಡಿದಿದೆ. ಚಿಕ್ಕಂದಿನಲ್ಲಿ ಹೊಸ್ತಿಲಿಗೆ ಬಿದ್ದದ್ದು. ಬೇರೆ ಶನಿವಾರಗಳಲ್ಲಿ ನನ್ನ ಮುಖ ಒಂದು ಕಡೆ ನಿಲ್ಲುತ್ತಿರಲಿಲ್ಲ, ಯಾರ ಕಣ್ಣಿಗೂ ಸರಿಯಾಗಿ ಸಿಗುತ್ತಿರಲಿಲ್ಲ. ಅಂದು ಗೋಡೆಗೆ ಬಡಿದ ಮೊಳೆಯ ಹಾಗೆ ನಿಂತಿತ್ತು, ಪಕ್ಕದಲ್ಲೇ ಚಿತ್ರ. ಮಕ್ಕಳಿಗೆ ಹೋಲಿಸಿ ನೋಡಲು ಬೇಕಾದಷ್ಟು ಬಿಡುವಿತ್ತು.

ಪುಸ್ತಕವನ್ನು ನನ್ನ ಕಡೆ ತಿರುಗಿಸಿದೆ. ಹಸಿರು ಇತ್ತು, ಕೊಕ್ಕು ಇತ್ತು. ಅವುಗಳ ಮೇಲೆ, ರಾಜನಿಗೇ ಬುದ್ಧಿ ಹೇಳುವ ಠೀವಿಯಲ್ಲಿ ಮೇಲೆದ್ದ, ನಡುವೆ ಕಡಿದ ಒಂದು ಎಡಹುಬ್ಬು.

ಅಷ್ಟರಲ್ಲಿ ಮಕ್ಕಳು ಕಪಾಟಿಗೆ ನುಗ್ಗಿದ್ದರು. "ಮುಂಗುಸಿಗೆ ಮಾಮನ ಕಿವಿ." "ಈ ಬೆಕ್ಕೂ ಮಾಮನೇ ಕಣೋ." "ಆಡಿನ ಗಡ್ಡ ತೆಗೆದು ನೋಡು, ಮಾಮನೇ." ಆಮೆಯನ್ನು ನನ್ನ ಮುಂದೆ ಹಿಡಿದರು. ಅದರ ಬಾಯಿ ಒಂದಿಷ್ಟು ಎಡಕ್ಕೆ ಸೊಟ್ಟಗಿತ್ತು. ಏನಾದರೂ ಕೀಟಲೆಯ ಮಾತು ಹೊರಬೀಳುವ ಮೊದಲು ನನ್ನ ಬಾಯಿ ಹಾಗಾಗುತ್ತದೆಂದು ವತ್ಸಲಾ ಹೇಳುತ್ತಿದ್ದಳು. ನಾನು ನಂಬಿರಲಿಲ್ಲ. ಆಮೆಯನ್ನು ನೋಡಿ ನಂಬಿದೆ.

ತಾರಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ಅವರಿಗೂ ಗೊತ್ತಿತ್ತು.

"ಹಾಲೇಶಪ್ಪ," ಅಂದೆ, "ಆಮೆಯ ಬಾಲಕ್ಕೆ ಇದು ಬಡ್ಡಿಯೋ?"

"ನನ್ನದಲ್ಲ ಸಾರ್." ಅವರು ಬೆಂಚಿನಿಂದ ಎದ್ದು ನಿಂತರು. "ಅಮ್ಮನವರದು."

ಹಜಾರದಲ್ಲಿ ಮಕ್ಕಳ ಸದ್ದು ಹಾಗೇ ಇತ್ತು. ನನಗೆ ಮಾತ್ರ ಹಾಲೇಶಪ್ಪನವರ ಮಾತು ಬಿಟ್ಟು ಬೇರೇನೂ ಕೇಳಿಸಲಿಲ್ಲ.

"ಗಿಳಿ ಮುಖ ಬರ್ತಿರಲಿಲ್ಲ. ಹಿಂದೆ ಕೂತಿದ್ದರಲ್ಲ, ಕಿವೀಲಿ ಅಂದರು. 'ಹಾಲೇಶಣ್ಣ, ಗಿಳಿ ಗೋಡೆ ಮೇಲಿಲ್ಲ, ಅದರ ಮುಂದೆ ಕೂತಿದೆ ನೋಡಿ' ಅಂತ. ಬರೆದೆ. ಬಂತು. ಆಮೇಲೆ ಪ್ರತಿ ಸಲ ಅವರೇ ಹೇಳೋರು. ಇವತ್ತು ಹುಬ್ಬು ತಗೊಳ್ಳಿ, ಇವತ್ತು ಕಿವಿ ತಗೊಳ್ಳಿ. ನೀವಾಗಿ ನೋಡೋವರೆಗೆ ಬಾಯಿ ಬಿಡಬಾರದು ಅಂತ ಆಣೆ ಮಾಡಿಸಿಕೊಂಡರು. ಎರಡು ಪುಸ್ತಕದೊಳಗೆ ಸಿಕ್ಕಿಬೀಳ್ತೀವಿ ಅಂದಿದ್ದರು. ನೀವು ನೋಡಲೇ ಇಲ್ಲ."

ಅವರು ಅಷ್ಟು ಮಾತನ್ನು ಒಟ್ಟಿಗೆ ಆಡಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ಇನ್ನೂ ಮುಗಿದಿರಲಿಲ್ಲ.

"ಆಸ್ಪತ್ರೆಯಲ್ಲಿ ನೀವು ಔಷಧಿ ತರೋಕೆ ಕೆಳಗೆ ಹೋಗಿದ್ದಿರಿ. ಆಗ ಕೇಳಿದರು, 'ಇನ್ನೂ ನೋಡಿಲ್ಲವಾ?' ಅಂತ. ಇಲ್ಲಮ್ಮ ಅಂದೆ. ನಕ್ಕರು. 'ಹೇಳಬೇಡಿ. ನಾಯಿಗೂ ಹಾಕಿ' ಅಂದರು." ಕೈಯಲ್ಲಿದ್ದ ಹಾಳೆಗಳನ್ನು ತಿರುವಿದರು. "ಹಾಕೋಣ ಅಂತಲೇ ಕೂರ್ತಿದ್ದೆ ಸಾರ್. ಮುಖ ಸಿಗ್ತಿರಲಿಲ್ಲ."

ಐದು ಪುಸ್ತಕಗಳೂ ನನ್ನ ಮುಂದೆ ತೆರೆದು ಬಿದ್ದಿದ್ದವು. ಐದರಲ್ಲೂ ಒಬ್ಬನೇ ಮನುಷ್ಯ. ಗರಿ ಹೊದ್ದು, ತುಪ್ಪಳ ಹೊದ್ದು, ಚಿಪ್ಪು ಹೊದ್ದು, ತನ್ನ ಜಾಣತನದಲ್ಲಿ ತಾನೇ ಮುಳುಗಿ ಕೂತಿದ್ದ. ಅವನನ್ನು ಯಾರೋ ಎದುರಿನಿಂದ, ದಿನವೂ, ಇಂಚಿಂಚಾಗಿ ನೋಡಿದ್ದರು. ಇಷ್ಟು ಕಾಲ ನನ್ನ ದನಿಗೆ ಬಿದ್ದದ್ದೆಂದು ನಾನು ಲೆಕ್ಕ ಹಾಕಿಕೊಂಡಿದ್ದ ವತ್ಸಲಾಳ ನಗುವಿನಲ್ಲಿ ಒಂದು ಪಾಲೂ ದನಿಯದಾಗಿರಲಿಲ್ಲ.

ಮುಬೀನಾ ನನ್ನ ಮುಂದೆ ಬಂದು ಕೂತು, ಬೆರಳಿನಿಂದ ತನ್ನ ಎಡಹುಬ್ಬನ್ನು ಮೇಲೆ ಎಳೆದು, ಬಾಯಿ ಸೊಟ್ಟ ಮಾಡಿ, "ಸುಳ್ಳು, ಸುಳ್ಳು," ಅಂದಳು. ನನ್ನ ಗಿಳಿಯ ದನಿಯಲ್ಲಿ. ಚೆನ್ನಾಗಿಯೇ ಮಾಡಿದಳು.

ಪಕ್ಕೆಯಲ್ಲಿ ಏನೋ ಹಿಡಿದುಕೊಂಡ ಹಾಗಾಯಿತು. ನೋವು ಎಂದುಕೊಂಡೆ. ಅದು ಮೇಲೆ ಬಂದು ಗಂಟಲಿನಲ್ಲಿ ಒಮ್ಮೆ ತಡೆಯಿತು, ಆಮೇಲೆ ತಡೆಯಲಿಲ್ಲ. ಯಾರ ದನಿಯನ್ನೂ ಹೋಲದ, ನಾನೇ ಹಿಂದೆ ಕೇಳಿರದ ಒಂದು ಒರಟು ನಗು. ಮಕ್ಕಳೂ ನಕ್ಕರು, ತಾರಕ್ಕನೂ ಸೆರಗು ತೆಗೆದು ನಕ್ಕರು. ಒಬ್ಬೊಬ್ಬರದಾಗಿ ಅವರ ನಗು ಮುಗಿಯಿತು, ನನ್ನದು ಮುಗಿಯಲಿಲ್ಲ. ಕಣ್ಣಿನಿಂದ ನೀರು ಇಳಿದು ಆಮೆಯ ಮೇಲೆ ಬೀಳುತ್ತಿತ್ತು.

ಹಾಲೇಶಪ್ಪ ಜಮಖಾನದ ಮೇಲೆ ನನ್ನೆದುರು ಚಕ್ಕಳಮಕ್ಕಳ ಹಾಕಿ ಕೂತು, ತೊಡೆಯ ಮೇಲೆ ಹಾಳೆ ಇಟ್ಟುಕೊಂಡು, ಬೇಗ ಬೇಗ ಗೆರೆ ಎಳೆಯತೊಡಗಿದ್ದರು.

"ಒಂಚೂರು ಅಲ್ಲಾಡದೆ ಕೂತ್ಕೊಳ್ಳಿ ಸಾರ್," ಅಂದರು.

ನನ್ನಿಂದ ಆಗಲಿಲ್ಲ.