ಡೀಸೆಲ್ ತಿಂದ ಮಣ್ಣು

ಉಮರ್ಗಾದ ಹೆದ್ದಾರಿ ಪಕ್ಕ ಮಲಕಮ್ಮನ ಹೊಲ. ಒಂದು ದಿನ ಟ್ಯಾಂಕರ್ ಉರುಳಿ ಡೀಸೆಲ್ ಹರಿದು ಹೊಲದ ಒಂದು ಮೂಲೆ ಕಪ್ಪಾಯಿತು. ನಿಂತಿದ್ದ ಎಣ್ಣೆಯನ್ನು ಸರ್ಕಾರದವರು ಎತ್ತಿಕೊಂಡು ಹೋದರು. ಮಣ್ಣಿಗೆ ಇಳಿದದ್ದು ಅಲ್ಲೇ ಉಳಿಯಿತು. ಪಕ್ಕದಲ್ಲೇ ಬಾವಿ. ಆ ನೀರು ಕುಡಿಯಲು ಮಲಕಮ್ಮನಿಗೆ ಭಯ.

"ಈ ಮಣ್ಣು ಸತ್ತದ. ಕೆತ್ತಿ ಹಳ್ಳಕ್ಕ ಒಗದು ಬಿಡ್ರಿ," ಎಂದು ಗಂಡ ರೇವಣಸಿದ್ಧನ ಕೈಗೆ ಗುದ್ದಲಿ ಕೊಟ್ಟಳು.

ಅಷ್ಟರಲ್ಲಿ ಕೃಷಿ ಕಚೇರಿಯ ಸಾರಿಕಾ ಬಂದು ಮಲಕಮ್ಮನನ್ನು ತಡೆದಳು. "ನಿಂದರ್ರಿ ಕಾಕು. ಹಳ್ಳದ ನೀರು ನಿಮ್ಮ ಕುರಿನೇ ಕುಡಿತಾವಲ್ಲ?"

"ಮತ್ತ ಇದನ್ನ ಯಾರು ತೊಳಿತಾರ, ತಂಗಿ?"

"ತೊಳಿಯೋದು ಬ್ಯಾಡ. ಎಣ್ಣಿ ತಿನ್ನೋವು ಮಣ್ಣಾಗೇ ಅವ. ಕಣ್ಣಿಗಿ ಕಾಣದ ಜೀವಾಣು."

"ಜೀವಾಣು ಅಂದ್ರ ಜಡ್ಡು ತರೋವು."

"ಎಲ್ಲಾ ಹಂಗಿರಲ್ಲ ಕಾಕು. ತಿಪ್ಪ್ಯಾಗಿನ ಸಗಣಿ ಗೊಬ್ಬರ ಮಾಡೋವು ಯಾವು? ಅವೇ. ಊರಾಗ ನಾನಾ ಮಂದಿ ಇದ್ದಂಗ ಮಣ್ಣಾಗೂ ನಾನಾ ನಮೂನಿ. ಒಂದು ತಿಂದು ಬಿಟ್ಟದ್ದು ಇನ್ನೊಂದು ತಿಂತದ."

"ಹಂಗಾದ್ರ ಇಷ್ಟು ದಿನ ಯಾಕ ತಿಂದಿಲ್ಲ?"

ಸಾರಿಕಾ ನಕ್ಕಳು. "ಬರೇ ಎಣ್ಣಿ ಇದ್ರ ಸಾಲಲ್ಲ. ಗಾಳಿ ಬೇಕು, ಹಸಿ ಬೇಕು. ಕುರಿ ಗೊಬ್ಬರ ಕೂಡಸ್ರಿ, ಮಣ್ಣು ಸಡಲ ಆಗಂಗ ಆಗಾಗ ಕುಂಟಿ ಹೊಡೀರಿ, ನೀರು ಚಿಮುಕಸ್ರಿ. ಸುತ್ತ ಬದು ಹಾಕ್ರಿ, ಎಣ್ಣಿ ಹೊರಗ ಹರೀಬಾರದು. ಮಣ್ಣು, ನೀರು ಪರೀಕ್ಷಾ ಆಗೋ ತನ ಬಾವಿ ನೀರು ಬ್ಯಾಡ, ಇಲ್ಲಿ ಕುರಿನೂ ಬಿಡಬ್ಯಾಡ್ರಿ."

"ಗೊಬ್ಬರಂತೂ ಮನೀದೇ ಅದ," ಎಂದ ರೇವಣಸಿದ್ಧ. "ಮಾಡಿ ನೋಡಮ್."

ಮಲಕಮ್ಮ ಅರೆಮನಸ್ಸಿನಿಂದಲೇ ಗೊಬ್ಬರ ಹೊತ್ತಳು. ಮೊದಮೊದಲು ಏನೂ ಬದಲಾಗಲಿಲ್ಲ. ಕುಂಟೆ ಹೊಡೆದಾಗಲೆಲ್ಲ ಡೀಸೆಲ್ ವಾಸನೆ ಮೂಗಿಗೆ ಬಡಿಯುತ್ತಿತ್ತು. "ಗೊಬ್ಬರನೂ ಹೋಯ್ತು, ಹೊಲನೂ ಹೋಯ್ತು," ಎಂದು ಗೊಣಗಿದಳು. ಕೆಲಸ ಮಾತ್ರ ಬಿಡಲಿಲ್ಲ. ತಿಂಗಳುಗಳು ಕಳೆದಂತೆ ವಾಸನೆ ತಗ್ಗಿತು, ಅಂಟು ಅಂಟಾಗಿದ್ದ ಹೆಂಟೆ ಬೆರಳಲ್ಲಿ ಪುಡಿಯಾಗತೊಡಗಿತು. ಬದುವಿನ ಒಳಗೆ ಗರಿಕೆ ಹುಲ್ಲು ಚಿಗುರಿತು.

ಮಣ್ಣು, ನೀರು ಎರಡನ್ನೂ ಪರೀಕ್ಷೆಗೆ ಕಳಿಸಿದರು. ಒಂದು ಮಧ್ಯಾಹ್ನ ಸಾರಿಕಾ ಫೋನ್ ಮಾಡಿದಳು. "ಕಾಕು, ಬಾವಿ ನೀರು, ಮಣ್ಣು ಎರಡೂ ಚೊಕ್ಕ ಅವ. ಹೊಲ ಬಿತ್ರಿ."

ಮಲಕಮ್ಮನ ಎದೆ ಹಗುರಾಯಿತು. ಬಾವಿಯಿಂದ ಒಂದು ಕೊಡ ಸೇದಿ, ಬೊಗಸೆಗೆ ಸುರಿದುಕೊಂಡು ಹೊಟ್ಟೆ ತುಂಬ ಕುಡಿದಳು. "ನೀವೂ ಕುಡೀರಿ," ಎಂದು ಗಂಡನಿಗೆ ಕೊಡ ಬಗ್ಗಿಸಿದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹೊಲದಲ್ಲಿ ಡೀಸೆಲ್ ಚೆಲ್ಲಿದರೆ ಬೆಂಕಿ ಹಚ್ಚಬೇಡಿ, ಮಣ್ಣು ಕೆತ್ತಿ ಹಳ್ಳಕ್ಕೆ ಎಸೆಯಬೇಡಿ. ಮೊದಲು ಕೃಷಿ ಕಚೇರಿಗೆ ತಿಳಿಸಿ. ಎಲ್ಲ ವಿಷಕ್ಕೂ ಇದೇ ಮದ್ದಲ್ಲ, ಅದಕ್ಕೇ ಪರೀಕ್ಷೆ ಮಾಡಿಸಿ. ಅವರು ಹೇಳಿದಂತೆ ಗಾಳಿ, ತೇವ, ಗೊಬ್ಬರ ಕೊಟ್ಟು ತಾಳ್ಮೆಯಿಂದಿರಿ. ನಿಮ್ಮ ಮಣ್ಣಿನಲ್ಲೂ ದುಡಿಯುವ ಜೀವಗಳಿವೆ.