ಷಡ್ಡಕರಿಬ್ಬರು ನತ್ತಿಂಗ ಹುಡುಕಿದ್ದು

ಬಸ್ ಡ್ರೈವರನಿಗೂ ಹಲ್ಲಿನ ಡಾಕ್ಟರಿಗೂ ಮಾತು ಬಿಟ್ಟು ವರ್ಷವಾಗಿತ್ತು. ಇಬ್ಬರೂ ಅಕ್ಕತಂಗಿಯರ ಗಂಡಂದಿರು; ಡಾಕ್ಟರು ದೊಡ್ಡಳಿಯ. ಡ್ರೈವರನ ನೋಯುತ್ತಿದ್ದ ಹಲ್ಲನ್ನು ಬಿಟ್ಟು ಡಾಕ್ಟರು ಪಕ್ಕದ ಗಟ್ಟಿ ಹಲ್ಲನ್ನು ಕಿತ್ತದ್ದೇ ಜಗಳದ ಮೂಲ. ಸಾಲದೆಂಬಂತೆ, "ನೀನು ತೋರ್ಸಿದ್ದೇ ಅದನ್ನ" ಎಂದು ಡಾಕ್ಟರು ಸಾಧಿಸಿದ್ದರು.

ಅಕ್ಕತಂಗಿಯರಿಗೆ ರೋಸಿಹೋಗಿತ್ತು. ರಜೆಗೆಂದು ಎರಡೂ ಸಂಸಾರವನ್ನು ಕಾಡಿನ ಅತಿಥಿಗೃಹಕ್ಕೆ ಹೊರಡಿಸಿ, ಬೆಳಿಗ್ಗೆ ಎದ್ದವರೇ ತಮಗೆ ತಲೆನೋವೆಂದು ನೆಪ ಹೇಳಿ, ಗಂಡಂದಿರನ್ನು ಮಾತ್ರ ಅಲ್ಲಿನ ಕಾಡಿನ ಕಾವಲುಗಾರನ ಜೊತೆ ಹಕ್ಕಿ ನೋಡಲು ಅಟ್ಟಿದರು. ದಾರಿಯುದ್ದಕ್ಕೂ ಡ್ರೈವರನಿಗೆ ಒಂದೇ ಚಿಂತೆ: ಈ ಮನುಷ್ಯನ ಹತ್ತಿರ ಏನಂತ ಮಾತಾಡುವುದು?

ಪೊದೆಯೊಂದರ ಬಳಿ ಕಾವಲುಗಾರ ನಿಂತ. "ನತ್ತಿಂಗ ಹಕ್ಕಿ ಇಲ್ಲೇ ಎಲ್ಲೋ ನೆಲದ ಮೇಲೆ ಕೂತಿದೆ. ತರಗೆಲೆ ಬಣ್ಣ, ಹಗಲೆಲ್ಲ ಅಲ್ಲಾಡಲ್ಲ. ಕಣ್ಣಲ್ಲೇ ಹುಡುಕಿ. ಯಾರೂ ತುಟಿ ಬಿಚ್ಚಬೇಡಿ."

ಡ್ರೈವರನಿಗೆ ಹೋದ ಜೀವ ಬಂದಂತಾಯಿತು. ಡಾಕ್ಟರೂ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು.

ಹುಡುಕಿದರು. ಡಾಕ್ಟರು ಉತ್ಸಾಹದಿಂದ ಬೆರಳು ತೋರಿಸಿದರು. ಅದು ಮರದ ತೊಗಟೆ. ಡ್ರೈವರ್ ಇನ್ನೊಂದು ಕಡೆ ತೋರಿಸಿದ. ಅದು ಒಣಗಿದ ಸಗಣಿ. ಕಾವಲುಗಾರ ಅಲ್ಲವೆಂದು ತಲೆಯಾಡಿಸಿದಾಗ ಡಾಕ್ಟರ ಹೊಟ್ಟೆ ನಗೆ ತಡೆಯಲಾರದೆ ಕುಲುಕಿತು. ಡ್ರೈವರ್ ಮುಖ ತಿರುಗಿಸಿದ, ಅವನಿಗೂ ನಗು ಬಂದಿತ್ತು.

ಹಾಗೆ ತಿರುಗಿಸಿದ್ದೇ ಒಳ್ಳೆಯದಾಯಿತು. ತರಗೆಲೆಗಳ ನಡುವೆ ಒಂದು ಎಲೆ ಕಣ್ಣು ಮಿಟುಕಿಸಿತು. ಜೋಮು ಹಿಡಿದ ಕಾಲನ್ನೆತ್ತಿದ ಡಾಕ್ಟರು ಅದನ್ನು ಸರಿಯಾಗಿ ಅಲ್ಲೇ ಇಡುವುದರಲ್ಲಿದ್ದರು.

"ಅಣ್ಣಾ, ಕಾಲು!"

ಡಾಕ್ಟರು ಒಂಟಿಕಾಲಲ್ಲಿ ತೂರಾಡಿದರು. ಡ್ರೈವರ್ ಅವರನ್ನು ಬಾಚಿ ತಬ್ಬಿ ಹಿಂದಕ್ಕೆಳೆದ. ಹಕ್ಕಿ ಜಗ್ಗಲಿಲ್ಲ. ಅದರ ರೆಕ್ಕೆಯಡಿಯಿಂದ ಹತ್ತಿಯುಂಡೆಯಂಥ ಮರಿಯೊಂದು ತಲೆ ಹೊರಹಾಕಿ, ಮತ್ತೆ ಒಳಸೇರಿತು.

"ಏನೂ ಆಗಿಲ್ಲ ಬಿಡಿ" ಎಂದು ಕಾವಲುಗಾರ ಪಿಸುಗುಟ್ಟಿದ ಮೇಲೂ ಡಾಕ್ಟರು ಡ್ರೈವರನ ಭುಜ ಬಿಡಲಿಲ್ಲ.

ವಾಪಸು ಬರುವಾಗ ಅವರೇ ಬಾಯಿಬಿಟ್ಟರು. "ನೀನು ತೋರ್ಸಿದ್ದು ಸರಿಯಾದ ಹಲ್ಲೇ ಕಣಯ್ಯಾ. ತಪ್ಪಿದ್ದು ನಾನು. ಒಪ್ಕೊಳ್ಳೋಕೆ ನಾಲಿಗೆ ಏಳ್ಲಿಲ್ಲ."

"ಗೊತ್ತಿತ್ತು ಬಿಡಿ ಅಣ್ಣ. ನಿಮ್ಮ ಬಾಯಿಂದ ಬರ್ಲಿ ಅಂತ ಕಾಯ್ತಿದ್ದೆ, ಅಷ್ಟೇ."

ಅತಿಥಿಗೃಹದ ಜಗಲಿಯಲ್ಲಿ ಹೆಂಡತಿಯರು ಕಾದು ಕೂತಿದ್ದರು. ಮರಿ ಎಷ್ಟು ಪುಟ್ಟದಿತ್ತೆಂದು ಗಂಡಂದಿರಿಬ್ಬರೂ ಒಟ್ಟಿಗೇ ಕೈಯಲ್ಲಿ ತೋರಿಸುತ್ತ, ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡ ಬರುತ್ತ ಮೆಟ್ಟಿಲು ಹತ್ತಿದರು. ತಂಗಿ ಅಕ್ಕನ ಕೈ ಹಿಸುಕಿದಳು. ಅಕ್ಕ ಕಣ್ಣೊರೆಸಿಕೊಂಡು, "ಕೈಕಾಲು ತೊಳ್ಕೊಂಡು ತಿಂಡಿಗೆ ಬನ್ನಿ" ಎಂದಳು.