ಗ್ರೋವಾ ಚಿಕ್ಕಮ್ಮನ ಟಗರು

ಐಸ್‌ಲ್ಯಾಂಡ್ ಯಾರ ಪಕ್ಷವೂ ಅಲ್ಲ ಎಂದು ರೇಡಿಯೋದಲ್ಲಿ ಹೇಳಿದ್ದನ್ನು ನಾನೇ ಕೇಳಿದ್ದೆ. ಆಮೇಲೆ ೧೯೪೦ರ ಮೇ ತಿಂಗಳಲ್ಲಿ ಇಂಗ್ಲಿಷರ ಯುದ್ಧನೌಕೆಗಳು ರೇಕ್ಯಾವಿಕ್ ಬಂದರಿಗೆ ಬಂದು ನಿಂತವು. ಸರ್ಕಾರ ಇದನ್ನು ಪ್ರತಿಭಟಿಸಿದೆ, ಆದರೆ ಬಂದವರನ್ನು ಅತಿಥಿಗಳಂತೆ ನೋಡಿಕೊಳ್ಳಿ ಎಂದು ಅದೇ ರೇಡಿಯೋ ಹೇಳಿತು. ಕರೆಯದೆ ಬಂದವರನ್ನು ಬೈಯಬೇಕೋ, ಕಾಫಿ ಕೊಡಬೇಕೋ ತಿಳಿಯಲಿಲ್ಲ. ನಾವು ಎರಡನ್ನೂ ಮಾಡಿದೆವು.

ನಮ್ಮ ಕೊಲ್ಲಿಗೆ ಅವರು ಬಂದದ್ದು ಆಗಸ್ಟಿನಲ್ಲಿ. ಮೊದಲು ಶಾಲೆಯ ಕಟ್ಟಡ ಕೇಳಿದರು, ಕೊಟ್ಟೆವು. ಆಮೇಲೆ ಗುಡ್ಡದ ಮೇಲಿನ ಹುಲ್ಲುಗಾವಲು ಕೇಳಿದರು, ಅದನ್ನೂ ಕೊಟ್ಟೆವು. ಸೆಪ್ಟೆಂಬರಿನಲ್ಲಿ ಒಬ್ಬ ಸಾರ್ಜೆಂಟ್ ನನ್ನ ಟೆಲಿಫೋನ್ ಎಕ್ಸ್‌ಚೇಂಜಿಗೇ ಬಂದು ಕುರ್ಚಿ ಹಾಕಿಕೊಂಡು ಕೂತ. ಅವನ ಪಕ್ಕದಲ್ಲಿ, ನಮ್ಮ ಮಾತನ್ನು ಅವನಿಗೆ ಇಂಗ್ಲಿಷಿನಲ್ಲಿ ಹೇಳಲು, ಶಾಲೆ ಕಳೆದುಕೊಂಡ ಎಯ್ವಿಂಡ್ ಮೇಷ್ಟ್ರು.

"ಸ್ಟೇನುನ್, ಇನ್ಮೇಲೆ ಫೋನಲ್ಲಿ ಹವೆ ವಿಷ್ಯ ಮಾತಾಡೋ ಹಾಗಿಲ್ವಂತೆ," ಎಂದರು ಮೇಷ್ಟ್ರು. "ಯಾರಾದ್ರೂ ಬಾಯಿ ಬಿಟ್ರೆ ನೀನು ಪ್ಲಗ್ ಕಿತ್ತು ಲೈನ್ ಕಟ್ ಮಾಡ್ಬೇಕು. ಶತ್ರು ವಿಮಾನಕ್ಕೆ ಗೊತ್ತಾಗುತ್ತಂತೆ."

"ಯಾರ ಶತ್ರು?"

"ಅವರ ಶತ್ರು."

"ನಮಗೇನೂ ಅಲ್ವಲ್ಲ?"

"ಅಲ್ಲ. ಆದ್ರೂ ಮಾತಾಡೋ ಹಾಗಿಲ್ಲ."

ನಮ್ಮಲ್ಲಿ ಹನ್ನೊಂದು ಮನೆಗೂ, ದೋಣಿ ನಿಲ್ಲುವ ದಕ್ಕೆಯ ಷೆಡ್ಡಿಗೂ ಸೇರಿ ಇರುವುದು ಒಂದೇ ತಂತಿ. ಯಾರಿಗೆ ಫೋನ್ ಬಂದರೂ ಎಲ್ಲರೂ ಎತ್ತಿ ಕೇಳುತ್ತಾರೆ, ಅದನ್ನು ಯಾರೂ ಮುಚ್ಚಿಡುವುದಿಲ್ಲ. ಮಾತು ಶುರುವಾಗುವುದೇ ಹವೆಯಿಂದ. ಮೊದಲ ವಾರ ಪ್ಲಗ್ ಕಿತ್ತು ಕಿತ್ತು ನನ್ನ ಕೈ ಸೋತಿತು. ಹೆರಿಗೆಗೆ ಸೂಲಗಿತ್ತಿಯನ್ನು ಕರೆಯುವವರೂ "ಏನ್ ಗಾಳಿ ಅಂತೀರಾ" ಎಂದೇ ಬಾಯಿ ತೆರೆಯುತ್ತಿದ್ದರು.

ದಾರಿ ಹುಡುಕಿದವಳು ಗ್ರೋವಾ ಚಿಕ್ಕಮ್ಮ. ಅವಳ ಮನೆ ಪಶ್ಚಿಮದ ಭೂಶಿರದ ಮೇಲೆ, ಬಿರುಗಾಳಿ ನಮಗಿಂತ ಮೂರು ಗಂಟೆ ಮೊದಲೇ ಅವಳಿಗೆ ಸಿಗುತ್ತದೆ. ದಿನಾ ಬೆಳಗಿನ ಕಾಫಿಯ ಹೊತ್ತಿಗೆ ಫೋನ್ ಮಾಡಿ ತನ್ನ ಟಗರಿನ ಯೋಗಕ್ಷೇಮ ಹೇಳತೊಡಗಿದಳು. ಟಗರು ಮೆಲುಕು ಹಾಕುತ್ತಿದೆ ಎಂದರೆ ದೋಣಿಗಳು ಹೊರಡುತ್ತಿದ್ದವು, ಗೋಡೆ ಗುದ್ದುತ್ತಿದೆ ಎಂದರೆ ಇಲ್ಲ. ಮೇಷ್ಟ್ರಿಗೆ ಎಲ್ಲ ಗೊತ್ತಿತ್ತು, ಆದರೂ ಗಂಭೀರವಾಗಿ ಟಗರನ್ನೇ ಅನುವಾದಿಸುತ್ತಿದ್ದರು. ಸಾರ್ಜೆಂಟ್ ಕೆಟ್ಟವನಲ್ಲ. ನಮ್ಮಮ್ಮ ಅವನಿಗೆ ಉಣ್ಣೆಯ ಕಾಲುಚೀಲ ಹೆಣೆದು ಕೊಟ್ಟಿದ್ದಳು.

ಅಕ್ಟೋಬರಿನ ಆ ದಿನ ಚಿಕ್ಕಮ್ಮ ಹೇಳಿದಳು, "ಟಗರು ಸತ್ತೋಯ್ತು ಕಣ್ರೇ."

ತಂತಿಯುದ್ದಕ್ಕೂ ಗುಸುಗುಸು. ಸತ್ತರೆ ಏನರ್ಥ ಎಂದು ಯಾರೂ ಮಾತಾಡಿಕೊಂಡಿರಲಿಲ್ಲ. ದಕ್ಕೆಯ ಷೆಡ್ಡಿನಿಂದ ನನ್ನ ತಮ್ಮ ಕೇಟಿಲ್ ನಕ್ಕ. "ಸತ್ತ ಟಗರು ಗುದ್ದುತ್ತಾ? ತಣ್ಣಗಿದೆ ಅಂತ ತಾನೆ?"

"ಹೆಂಗ್ ಸತ್ತೋಯ್ತು ಚಿಕ್ಕಮ್ಮಾ?" ಎಂದು ಕೇಳಿದೆ.

"ಕೊಟ್ಟಿಗೆ ಸೂರು ಅದ್ರ ಮೇಲೆ ಬಿತ್ತು ಕಣೆ. ಗಾ..."

ಪ್ಲಗ್ ನನ್ನ ಕೈಯಲ್ಲಿತ್ತು. ಸಾರ್ಜೆಂಟ್ ಏನೂ ಹೇಳಿರಲಿಲ್ಲ, ಮೇಷ್ಟ್ರು ಅನುವಾದಿಸಲು ಬಾಯಿ ತೆರೆದೂ ಇರಲಿಲ್ಲ. ಕೈ ತಾನೇ ಕಿತ್ತಿತ್ತು. ಗಾ ಎಂದರೆ ಗಾಳಿಯೇ ಇರಬೇಕೆಂದೇನಿದೆ, ಗಾಬರಿಯಾಯಿತು ಎನ್ನಲು ಹೊರಟಿರಬಹುದು ಎಂದುಕೊಂಡೆ. ಕಿಟಕಿಯಿಂದ ನೋಡಿದರೆ ಕೊಲ್ಲಿಯ ನೀರು ಅಲುಗುತ್ತಿರಲಿಲ್ಲ. ಚಿಕ್ಕಮ್ಮನನ್ನು ಮತ್ತೆ ಕರೆದೆ, ಭೂಶಿರದ ಕಡೆಯ ತಂತಿ ಉಸಿರೆತ್ತಲಿಲ್ಲ.

ಕೇಟಿಲ್ ಫೋನ್ ಮಾಡಿದ. "ಅಕ್ಕಾ, ಅದು ಹಳೇ ಹುಲ್ಲುಹೆಂಟೆ ಹೊದಿಸಿದ ಸೂರು. ನೆಂದು ತಾನೇ ಕುಸಿದಿರುತ್ತೆ. ನೀನೇ ಹೇಳು, ಹೋಗ್ಲಾ, ಬೇಡ್ವಾ?"

ಸಾರ್ಜೆಂಟ್ ನನ್ನತ್ತ ನೋಡಿ ಮುಗುಳ್ನಕ್ಕ. ಹೋಗಬೇಡ ಎನ್ನಲು ಎಷ್ಟು ಹೊತ್ತು ಬೇಕಿತ್ತು? ಆದರೆ ಆಗ ಯಾಕೆ ಎಂದು ಸಾರ್ಜೆಂಟ್ ಕೇಳುತ್ತಿದ್ದ, ನಾನು ಗಾಳಿ ಎಂದು ಹೇಳಬೇಕಾಗುತ್ತಿತ್ತು.

"ನಂಗೇನ್ ಗೊತ್ತೋ," ಎಂದೆ. "ನಿನ್ನಿಷ್ಟ."

ಅವನು ಹೋದ. ಬೇರೆ ಇಬ್ಬರು ತಲೆ ಕೆರೆದುಕೊಂಡು ದಡದಲ್ಲೇ ಉಳಿದರು. ಹತ್ತೂವರೆಗೆ ಗಾಳಿ ಬಂತು, ಎಕ್ಸ್‌ಚೇಂಜಿನ ಕಿಟಕಿಯನ್ನೇ ಚೌಕಟ್ಟಿನ ಸಮೇತ ಒಳಗೆ ತಳ್ಳಿತು. ಸಾರ್ಜೆಂಟನೇ ತನ್ನವರನ್ನು ಕರೆದು ದೊಡ್ಡ ದೋಣಿ ಇಳಿಸಿದ, ಎರಡು ಸಲ ಅಲೆ ಅವರನ್ನು ದಡಕ್ಕೆಸೆಯಿತು. ಮೂರನೆಯ ದಿನ ಕೇಟಿಲ್‌ನ ದೋಣಿಯ ಒಂದು ಹುಟ್ಟು ಸಿಕ್ಕಿತು. ಅವನು ಸಿಗಲಿಲ್ಲ.

ರೇಕ್ಯಾವಿಕ್‌ನ ಪತ್ರಿಕೆಗೆ ಸಾವಿನ ಸುದ್ದಿಯನ್ನು ಫೋನಿನಲ್ಲಿ ಓದಿ ಹೇಳಬೇಕಿತ್ತು. ಅವನ ಹೆಂಡತಿ ಉನ್ನೂರ್ ಬರೆದು ತಂದಳು. "ವಾಯವ್ಯದ ಬಿರುಗಾಳಿಗೆ ಸಿಕ್ಕಿ ಸಮುದ್ರದಲ್ಲಿ ತೀರಿಕೊಂಡ." ಸಾರ್ಜೆಂಟ್ ಟೋಪಿ ತೆಗೆದು ಎದ್ದು ನಿಂತ. ಮೇಷ್ಟ್ರು ಚೀಟಿಯನ್ನು ನೋಡಿದರು, ಅನುವಾದಿಸಲಿಲ್ಲ, ಗೋಡೆಯ ಕಡೆ ತಿರುಗಿಕೊಂಡರು. ಬರೆದದ್ದನ್ನು ಹಾಗೇ ಓದಿದ್ದರೂ ಆ ಇಬ್ಬರಲ್ಲಿ ಯಾರೂ ಅಂದು ನನ್ನನ್ನು ತಡೆಯುತ್ತಿರಲಿಲ್ಲ. ಇದು ನನಗೆ ಈಗ ಗೊತ್ತು, ಆಗಲೂ ಗೊತ್ತಿತ್ತೇನೋ. ನಾನು ಪೆನ್ಸಿಲ್ ತೆಗೆದುಕೊಂಡು "ವಾಯವ್ಯದ ಬಿರುಗಾಳಿಗೆ ಸಿಕ್ಕಿ" ಎಂಬುದನ್ನು ಹೊಡೆದು ಹಾಕಿದೆ.

ಉನ್ನೂರ್ ಉಳಿದದ್ದನ್ನು ಎರಡು ಸಲ ಓದಿದಳು.

"ಹಂಗಾದ್ರೆ ಸುಮ್ನೆ ಮುಳುಗಿದ್ನಾ ಅತ್ತಿಗೆ? ದೋಣಿ ನಡೆಸೋಕೆ ಬರ್ತಿರ್ಲಿಲ್ಲ ಅನ್ನಲ್ವಾ ಜನ?"

"ಅಂತಾರೆ," ಎಂದೆ. ಪ್ಲಗ್ ಹಾಕಿ ರೇಕ್ಯಾವಿಕ್ ಕೇಳಿದೆ.